ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಹೆಡ್ ಕೋಚ್ ಮಾಡುವುದೇನು?

ಪ್ರಶ್ನೆ: ಸೋಮವಾರ ಬೆಳಗಿನ ಜಾವ 5ಕ್ಕೆ ಎದ್ದು ಸೂಪರ್ ಬೌಲ್ ಫೈನಲ್ ನೋಡಿದೆ. ಕೋಚ್ ಇಡೀ ಪಂದ್ಯ ಹಾಳೆಯಿಂದ ಬಾಯಿ ಮುಚ್ಚಿಕೊಂಡು ಏನು ಹೇಳುತ್ತಿರುತ್ತಾರೆ?
– ಓದುಗರೊಬ್ಬರು, ಕಾರವಾರ

ಉತ್ತರ: ಮುಂದಿನ ನಡೆ ಯಾವುದೆಂದು. ಎದುರಾಳಿಗಳು ತುಟಿ ಓದಿಯಾರೆಂದು ಬಾಯಿ ಮುಚ್ಚುವುದು. 10 ಗಜ ಮುಂದೆ ಸಾಗಲು ನಾಲ್ಕು ಯತ್ನ ಸಿಗುತ್ತವೆ. ಮೂರನೇ ಯತ್ನಕ್ಕೆ 2 ಗಜ ಬಾಕಿಯಿದ್ದರೆ ಯಾವ ನಡೆ, 8 ಗಜವಿದ್ದರೆ ಯಾವುದು ಎಂದು ಹಾಳೆಯಲ್ಲಿ ವಿಂಗಡಿಸಿರುತ್ತದೆ. ಮಾತು ಹೋಗುವುದು ದಾಳಿ ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗಿನ ರೇಡಿಯೊಗೆ. ಹಿಂಬದಿಯ ಹಸಿರು ಚುಕ್ಕೆ ಅದರ ಗುರುತು. ಮುಂದಿನ ನಡೆ ಶುರುಮಾಡಲು ಗಡಿಯಾರ ಕೊಡುವ 40 ಸೆಕೆಂಡುಗಳಲ್ಲಿ 15 ಉಳಿದಾಗ ರೇಡಿಯೊ ಬಂದ್. ಹೇಳುವುದು ತಡವಾದರೆ 5 ಗಜ ದಂಡ, ಇಲ್ಲವೇ ಒಂದು ಟೈಮ್‌ಔಟ್ ಖರ್ಚು. ಅರ್ಧ ಪಂದ್ಯಕ್ಕೆ ಸಿಗುವುದೇ 3. ಕೆಂಪು ಬಟ್ಟೆ ಎಸೆದು ರೆಫರಿಯ ತೀರ್ಪು ಪ್ರಶ್ನಿಸಿ ಸೋತರೂ ಒಂದು ಹೋಯಿತು.

ಪ್ರಶ್ನೆ: ಹೆಡ್ ಕೋಚ್ ಆಗಲು ಮೊದಲು ದೊಡ್ಡ ಆಟಗಾರನಾಗಿರಬೇಕೇ? ಎರಡೇ ವರ್ಷಕ್ಕೆ ಕೆಲವರನ್ನು ಕಳಿಸಿಬಿಡುತ್ತಾರಲ್ಲ, ಏಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಆಟಗಾರನಾಗಿರಲೇಬೇಕೆಂದಿಲ್ಲ. ಬಿಲ್ ಬೆಲಿಚಿಕ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿದವರೇ ಅಲ್ಲ. 1975ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದಲ್ಲಿ ವಾರಕ್ಕೆ 25 ಡಾಲರಿಗೆ ಪಂದ್ಯದ ಫಿಲ್ಮ್ ನೋಡಿ ಟಿಪ್ಪಣಿ ಮಾಡುತ್ತಿದ್ದರು. 1991ರಲ್ಲಿ ಕ್ಲೀವ್‌ಲೆಂಡ್‌ನ ಹೆಡ್ ಕೋಚ್, ಐದು ಸೀಸನ್ ಆದ ಮೇಲೆ ವಜಾ. 2000ದಲ್ಲಿ ನ್ಯೂ ಇಂಗ್ಲೆಂಡ್ ಸೇರಿ ಆರು ಸೂಪರ್ ಬೌಲ್ ಗೆದ್ದರು. ಸಾಮಾನ್ಯ ಏಣಿ ಇದು: ಫಿಲ್ಮ್ ನೋಡುವ ಸಹಾಯಕ, ಒಂದು ಸ್ಥಾನದ ಆಟಗಾರರ ಕೋಚ್, ದಾಳಿ ಅಥವಾ ರಕ್ಷಣೆಯ ಕೋಆರ್ಡಿನೇಟರ್, ಆಮೇಲೆ ಹೆಡ್ ಕೋಚ್. ಆ್ಯಂಡಿ ರೀಡ್ 1999ರಲ್ಲಿ ಮೂರನೇ ಮೆಟ್ಟಿಲು ಹಾರಿಯೇ ಫಿಲಡೆಲ್ಫಿಯಾಕ್ಕೆ ಹೆಡ್ ಕೋಚ್ ಆಗಿ ಬಂದವರು.

ತಪ್ಪುವುದು ಆಯ್ಕೆಯಲ್ಲೇ. ಒಳ್ಳೆಯ ಕೋಆರ್ಡಿನೇಟರನ್ನು ಎತ್ತಿ ಹೆಡ್ ಕೋಚ್ ಮಾಡುತ್ತಾರೆ. ಚೆಂಡೆಯವರನ್ನು ಭಾಗವತಿಕೆಗೆ ಕೂರಿಸಿದ ಹಾಗೆ. ತಾಳವೇನೋ ಗೊತ್ತು, ಇಡೀ ಆಟ ನಡೆಸುವುದು ಬೇರೆ ವಿದ್ಯೆ. 53 ಆಟಗಾರರು, ಗಾಯಾಳುಗಳು, ಸಹ ಕೋಚ್‌ಗಳು, ಮಾಲೀಕರು, ಎಲ್ಲರ ತಂಟೆಯೂ ಈಗ ಅವರದೇ. ನಡೆ ಹೇಳುವ ಕೆಲಸವನ್ನೂ ಬಿಡದಿದ್ದರೆ ಗಡಿಯಾರದ ಮೇಲೆ ಗಮನ ತಪ್ಪುತ್ತದೆ. ಇನ್ನೊಂದು, ಹುದ್ದೆ ಖಾಲಿಯಾಗುವುದು ಹೆಚ್ಚಾಗಿ ಸೋಲುವ ತಂಡದಲ್ಲಿ. ಅಲ್ಲಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇರುವುದಿಲ್ಲ, ಮಾಲೀಕರಿಗೆ ತಾಳ್ಮೆಯೂ ಇರುವುದಿಲ್ಲ. ಲೀಗ್ ಪಂದ್ಯಗಳು ಮುಗಿದ ಮರುದಿನದ ‘ಕಪ್ಪು ಸೋಮವಾರ’ ವಜಾಗಳಿಗೇ ಹೆಸರುವಾಸಿ.

ಪ್ರಶ್ನೆ: ನಾನು ಕಬಡ್ಡಿ ಕೋಚ್. ಇದರಿಂದ ನಮಗೇನಾದರೂ ಉಪಯೋಗವುಂಟೇ?
– ಓದುಗರೊಬ್ಬರು, ಕುಮಟಾ

ಉತ್ತರ: ಅವರ ಫಿಲ್ಮ್ ಅಭ್ಯಾಸ ತೆಗೆದುಕೊಳ್ಳಿ. ಮೊಬೈಲನ್ನು ಅಂಕಣದ ತುದಿಯಲ್ಲಿ ಎತ್ತರಕ್ಕೆ ಕಟ್ಟಿ. ಬದಿಯಿಂದ ತೆಗೆದರೆ ಒಬ್ಬರ ಹಿಂದೆ ಒಬ್ಬರು ಮರೆಯಾಗುತ್ತಾರೆ. ಪ್ರತಿ ರೈಡಿಗೂ ನಾಲ್ಕು ಕಲಮು ಬರೆಯಿರಿ: ಯಾರು, ಎಡವೋ ಬಲವೋ, ಎದುರು ಎಷ್ಟು ಮಂದಿ, ಪಾಯಿಂಟ್ ಯಾರಿಗೆ. ಒಂದು ಪಂದ್ಯದ ಲೆಕ್ಕ ನಂಬಬೇಡಿ. ನಾಲ್ಕೈದು ಪಂದ್ಯ ಸೇರಿದ ಮೇಲೆ ಹಾಳೆ ತಯಾರಿಸಿ.