ಕ್ಯಾಮೆರಾ ಹವ್ಯಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಶಾಲಾ ಶಿಕ್ಷಕ. ಹತ್ತು ವರ್ಷಗಳಿಂದ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ಚೀಲದಿಂದ 70-300 ಮಿ.ಮೀ. ಲೆನ್ಸನ್ನು ಹೊರತೆಗೆದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತಿವೆ. ಬಿಸಿಲಿಗಿಡಿ ಎನ್ನುವವರೂ ಇದ್ದಾರೆ, ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ ಎನ್ನುವವರೂ ಇದ್ದಾರೆ. ಏನು ಮಾಡಲಿ?

ಉತ್ತರ: ತಾವು ಕಂಡದ್ದು ಬೂಷ್ಟು. ಮಲೆನಾಡಿನಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟುಗಳಿಗೆ ಹಿಡಿಯುವ ಬೂಷ್ಟು ಲೆನ್ಸನ್ನೂ ಬಿಡುವುದಿಲ್ಲ. ಮೊದಲು ಅದು ಎಷ್ಟು ಹಬ್ಬಿದೆ ಎಂದು ನೋಡಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂಬದಿಯಿಂದ ಸಣ್ಣ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ, ಮುಂಬದಿಯಿಂದ ನೋಡಿದರೆ, ಹಗಲಿನಲ್ಲಿ ಕಾಣದ ಎಳೆಗಳೂ ಬೆಳ್ಳಗೆ ಎದ್ದು ಕಾಣುತ್ತವೆ. ಅಂಚಿನಲ್ಲಿ ನಾಲ್ಕಾರು ಎಳೆಗಳಿದ್ದರೆ ಚಿತ್ರದಲ್ಲಿ ವ್ಯತ್ಯಾಸವೇ ತಿಳಿಯದು. ನಡುವಿಗೆ ಹಬ್ಬಿದ್ದರೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳು ಮಂಜು ಕವಿದಂತೆ ಪೇಲವವಾಗುತ್ತವೆ.

ಬಿಸಿಲಿಗಿಡುವುದರಿಂದ ಬೂಷ್ಟಿನ ಬೆಳವಣಿಗೆ ನಿಲ್ಲಬಹುದಾದರೂ ಈಗಾಗಲೇ ಹಬ್ಬಿದ ಎಳೆಗಳು ಗಾಜನ್ನು ಬಿಟ್ಟು ಹೋಗುವುದಿಲ್ಲ. ಮೇಲಾಗಿ ಕಾವಿಗೆ ಒಳಗಿನ ಗ್ರೀಸು ಕರಗಿ ಅಪರ್ಚರಿನ (ಒಳಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಿಂಡಿ) ಎಸಳುಗಳ ಮೇಲೆ ಹರಿದರೆ ಇನ್ನೊಂದು ತೊಂದರೆ ತಂದುಕೊಂಡಂತೆ. ಅಕ್ಕಿಯ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಅದು ತೇವವನ್ನು ಎಳೆದುಕೊಳ್ಳುವುದು ಅಲ್ಪ, ಲೆನ್ಸಿನ ಸಂದುಗಳಿಗೆ ಸೇರಿಸುವ ಹಿಟ್ಟಿನ ಧೂಳು ಬಹಳ. ಒಳಗಿನ ಗಾಜನ್ನು ಬಿಚ್ಚಿ ಒರೆಸುವುದು ಅನುಭವಸ್ಥ ರಿಪೇರಿಯವರ ಕೆಲಸ, ಅದನ್ನೂ ತಡಮಾಡದೆ ಮಾಡಿಸಬೇಕು. ಬೂಷ್ಟು ಹೊರಸೂಸುವ ಆಮ್ಲ ಲೆನ್ಸಿನ ಲೇಪನವನ್ನೂ ಮುಂದೆ ಗಾಜನ್ನೂ ತಿನ್ನುತ್ತದೆ. ಆ ಗುರುತು ಒಮ್ಮೆ ಬಿದ್ದರೆ ಯಾರು ಒರೆಸಿದರೂ ಹೋಗದು. ಇದನ್ನು ನಾನು ಸ್ವತಃ ಅನುಭವಿಸಿದ್ದೇನೆ. ಆಸೆಪಟ್ಟು ಕೊಂಡಿದ್ದ 50 ಮಿ.ಮೀ. ಲೆನ್ಸೊಂದನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನೊಳಗೆ ಜೋಪಾನ ಮಾಡಿದೆನೆಂದುಕೊಂಡಿದ್ದೆ. ಒಂದೇ ಮಳೆಗಾಲದಲ್ಲಿ ಅದರ ಗಾಜಿನ ಮೇಲೆ ಜರೀಗಿಡದ ಎಲೆಯ ಆಕಾರದ ಕಲೆಯೊಂದು ಮೂಡಿತ್ತು. ಚರ್ಮವೂ ಬಟ್ಟೆಯೂ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುವುದರಿಂದ ಅವುಗಳನ್ನು ತಡೆಯಲಾಗದು, ತೇವವನ್ನು ಮಾತ್ರ ತಡೆಯಬಹುದು. ಲೆನ್ಸ್ ಇಡುವ ಜಾಗದ ಆರ್ದ್ರತೆ ಶೇಕಡ 40ರಿಂದ 50ರೊಳಗೆ ಇರಲಿ. ಅದಕ್ಕೆ ದುಬಾರಿ ಡ್ರೈ ಕ್ಯಾಬಿನೆಟ್ (ಒಳಗಿನ ತೇವವನ್ನು ತಾನೇ ಹತೋಟಿಯಲ್ಲಿಡುವ ಬೀರು) ಬೇಕೇಬೇಕೆಂದಿಲ್ಲ. ರಬ್ಬರ್ ಪಟ್ಟಿಯ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ಆರ್ದ್ರತೆ ತೋರಿಸುವ ಸಣ್ಣ ಮೀಟರ್ ಇದ್ದರೆ ಸಾಕು. ಸಿಲಿಕಾ ಜೆಲ್‌ನ ನೀಲಿ ಹರಳುಗಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಓವನ್ನಿನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದೆರಡು ತಾಸು ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆ ನೀಲಿ ಕೋಬಾಲ್ಟ್ ಕ್ಲೋರೈಡಿನದು, ಅದು ವಿಷ. ಆದ್ದರಿಂದ ಅಡುಗೆಯ ಪಾತ್ರೆ, ಅಡುಗೆಯ ಓವನ್ ಬಳಸಬೇಡಿ. ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ ಹರಳು ಸಿಕ್ಕರೆ ಅದನ್ನೇ ಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ಕ್ಯಾಮೆರಾವನ್ನು ಮೂಲೆಗಿಡಬೇಡಿ. ನಿಮ್ಮೂರಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಮಂಡಗದ್ದೆಯಿದೆ. ತುಂಗೆಯ ನಡುವೆ ಒಂದು ಎಕರೆಗಿಂತ ತುಸು ದೊಡ್ಡದಾದ ಆ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಸರಿಯಾಗಿ ಮಳೆಗಾಲದಲ್ಲೇ.

ಪ್ರಶ್ನೆ: ನನ್ನಲ್ಲಿಯೂ 70-300 ಲೆನ್ಸ್ ಇದೆ. ಹಕ್ಕಿಗಳಿಗಾಗಿ 150-600 ಕೊಳ್ಳಲೇಬೇಕೆ? (ಮೈಸೂರಿನ ಓದುಗರು)

ಉತ್ತರ: ಈಗಲೇ ಬೇಡ. ನಿಮ್ಮ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ಪೂರ್ಣ ಅಳತೆಗಿಂತ ಚಿಕ್ಕದಾದ ಎಪಿಎಸ್-ಸಿ ಅಳತೆಯದಾಗಿದ್ದರೆ 300 ಮಿ.ಮೀ. ಲೆನ್ಸ್ ಪೂರ್ಣ ಅಳತೆಯ ಕ್ಯಾಮೆರಾದಲ್ಲಿ ಸುಮಾರು 450 ಮಿ.ಮೀ. ಕೊಡುವಷ್ಟು ನೋಟವನ್ನು ಕೊಡುತ್ತದೆ. 150-600 ಲೆನ್ಸುಗಳು ಎರಡು ಕಿಲೋ ಆಸುಪಾಸು ತೂಗುತ್ತವೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತು ಅದನ್ನು ಕೈಯಲ್ಲಿ ಹಿಡಿದವರಿಗೇ ಆ ಭಾರ ಗೊತ್ತು. ದೋಣಿಯೇ ತೂಗಾಡುವುದರಿಂದ ಅಲ್ಲಿ ಟ್ರೈಪಾಡೂ ಉಪಯೋಗಕ್ಕೆ ಬಾರದು. ಷಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಟ್ಟು, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಳತೆ) ಏರಿದರೂ ಅಂಜದೆ, ಬೆಳಗಿನ ಮೊದಲ ದೋಣಿಗೇ ಹೋಗಿ. ಅಲ್ಲಿ ಕೊಕ್ಕರೆಗಳು ಸಾಕಷ್ಟು ಹತ್ತಿರದಲ್ಲೇ ಸಿಗುತ್ತವೆ.

ಪ್ರಶ್ನೆ: ಅಂತರ್ಜಾಲದ ಗ್ಯಾಲರಿಯಲ್ಲಿ ನನ್ನ ಸಾವಿರಾರು ಚಿತ್ರಗಳಿವೆ, ನೋಡುವವರಿಲ್ಲ. ಕದಿಯುತ್ತಾರೆಂಬ ಭಯವೂ ಇದೆ. (ಶಿರಸಿಯ ಓದುಗರು)

ಉತ್ತರ: ಒಂದೇ ಮಿಂಚುಳ್ಳಿಯ ನಲವತ್ತು ಚಿತ್ರಗಳನ್ನು ಯಾರೂ ನೋಡುವುದಿಲ್ಲ. ನಲವತ್ತರಲ್ಲಿ ಒಂದನ್ನು ಉಳಿಸಿ, ಉಳಿದವು ನಿಮ್ಮ ಹಾರ್ಡ್ ಡಿಸ್ಕಿನಲ್ಲಿರಲಿ. ಚಿತ್ರ ಹಂಚಿಕೊಳ್ಳುವ ತಾಣವಾದ ಫ್ಲಿಕರ್ ತನ್ನ ಉಚಿತ ಖಾತೆಗಳಿಗೆ 2019ರಿಂದ ಸಾವಿರ ಚಿತ್ರಗಳ ಮಿತಿ ಹಾಕಿದಾಗ ಹಲವರು ಬೇಸರಪಟ್ಟರು. ಆರಿಸುವುದನ್ನು ಕಲಿಸುತ್ತದೆಂಬ ಕಾರಣಕ್ಕೆ ನನಗೆ ಅಂತಹ ಮಿತಿ ಒಳ್ಳೆಯದೆಂದೇ ಅನಿಸಿದೆ. ಪ್ರತಿ ಚಿತ್ರದ ಕೆಳಗೆ ಹಕ್ಕಿಯ ಕನ್ನಡ ಹೆಸರು, ವೈಜ್ಞಾನಿಕ ಹೆಸರು, ಊರು, ತಿಂಗಳು, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆಯಿರಿ. "ಸುಂದರ ಪಕ್ಷಿ" ಎಂಬ ಶೀರ್ಷಿಕೆಯ ಚಿತ್ರ ಯಾರ ಹುಡುಕಾಟಕ್ಕೂ ಸಿಗದು; "ಹಾವಕ್ಕಿ, ಗೂಡಿಗೆ ಕಡ್ಡಿ ತರುತ್ತಿರುವುದು, ಮಂಡಗದ್ದೆ, ಆಗಸ್ಟ್" ಎಂದಿದ್ದರೆ ಶಾಲೆಯ ಮಕ್ಕಳಿಗೂ ಸಂಶೋಧಕರಿಗೂ ಸಿಗುತ್ತದೆ.

ಆದರೆ ಮಂಡಗದ್ದೆಯಂತೆ ಎಲ್ಲರಿಗೂ ಗೊತ್ತಿರುವ ಧಾಮದ ಮಾತು ಬೇರೆ, ನಿಮ್ಮ ತೋಟದಂಚಿನ ಮಂಗಟ್ಟೆಯ ಗೂಡಿನ ಮಾತು ಬೇರೆ. ಮೊಬೈಲ್ ಮತ್ತು ಹಲವು ಕ್ಯಾಮೆರಾಗಳು ಚಿತ್ರದೊಳಗೇ ಜಿಪಿಎಸ್ ಗುರುತನ್ನು ಬರೆದಿಡುತ್ತವೆ. ಗೂಡಿನ ಚಿತ್ರವನ್ನು ಹಾಕಲೇಬೇಡಿ, ಸುತ್ತಮುತ್ತಲಿನ ಬೇರೆ ಚಿತ್ರಗಳನ್ನು ಹಾಕುವ ಮುನ್ನವೂ ಆ ಗುರುತನ್ನು ಅಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆಗೂಡುಗಳಿಗೆ ತೊಂದರೆ ಕೊಡುವುದನ್ನು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಚಿತ್ರ ನೋಡಿ ಹತ್ತು ಜನ ಗೂಡಿನ ಬುಡಕ್ಕೆ ಬಂದು ನಿಂತರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋಗಬಹುದು.

ಕಳವಿನ ವಿಷಯಕ್ಕೆ ಬಂದರೆ, ನಮ್ಮ ಕಾನೂನಿನಲ್ಲಿ ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿಯೇ. 2012ರ ತಿದ್ದುಪಡಿಯ ನಂತರ ಚಿತ್ರದ ಕೃತಿಸ್ವಾಮ್ಯ (ಕಾಪಿರೈಟ್) ಕರ್ತೃವಿನ ಜೀವಿತಾವಧಿಗೂ ನಂತರದ 60 ವರ್ಷಗಳಿಗೂ ಇರುತ್ತದೆ. ಚಿತ್ರದ ನಡುವೆ ದೊಡ್ಡದಾಗಿ ಹೆಸರು ಮುದ್ರಿಸಿ ಹಕ್ಕಿಯನ್ನೇ ಮುಚ್ಚುವುದಕ್ಕಿಂತ ಉದ್ದದ ಬದಿ 2048 ಪಿಕ್ಸೆಲ್ ಮೀರದಂತೆ ಕಿರಿದುಮಾಡಿ ಹಾಕಿ, ಮೂಲ ರಾ ಕಡತವನ್ನು (ಕ್ಯಾಮೆರಾ ಹಿಡಿದ ಸಂಸ್ಕರಿಸದ ಕಡತ) ನಿಮ್ಮಲ್ಲೇ ಇಟ್ಟುಕೊಳ್ಳಿ. ಚಿತ್ರ ಯಾರದೆಂಬ ತಕರಾರು ಬಂದರೆ ಆ ಕಡತವೇ ನಿಮ್ಮ ಸಾಕ್ಷಿ. ಎಲ್ಲರೂ ಬಳಸಲಿ ಎಂಬ ಮನಸ್ಸಿದ್ದರೆ ಮುಕ್ತ ಚಿತ್ರಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್ ಇದೆ. ಅಲ್ಲಿ ಕೊಟ್ಟ ಚಿತ್ರವನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಒಮ್ಮೆ ಕೊಟ್ಟ ಆ ಅನುಮತಿಯನ್ನು ಹಿಂಪಡೆಯಲಾಗುವುದಿಲ್ಲವಾದ್ದರಿಂದ ಯೋಚಿಸಿ ಕೊಡಿ.