ಕಪ್ಪು ಪಟ್ಟಿ ಇರಲಿ, ಚಿತ್ರ ಪೂರ್ತಿ ಕಾಣಲಿ

ಯಾದಗಿರಿಯ ನಿಮ್ಮ ಮನೆಯ ಹೊಸ ಟಿವಿಯಲ್ಲಿ ಸಿನಿಮಾದ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಜೂಮ್ ಮಾಡಿ ಪರದೆ ತುಂಬಿಸಬಹುದೇ ಎಂದು ಕೇಳಿದ್ದೀರಿ. ಬೇಡವೆಂಬುದು ನನ್ನ ಅಭಿಪ್ರಾಯ. ಟಿವಿಯ ಪರದೆ 16:9 ಅನುಪಾತದ್ದು, ಅಂದರೆ ಅಗಲ ಎತ್ತರದ ಸುಮಾರು 1.78 ಪಟ್ಟು. ಸಿನಿಮಾಸ್ಕೋಪ್ ಚಿತ್ರದ ಅಗಲವಾದರೋ ಎತ್ತರದ ಸುಮಾರು 2.39 ಪಟ್ಟು ಇರುವುದರಿಂದ, ಪರದೆ ತುಂಬಿಸಿದರೆ ಎರಡೂ ಬದಿ ಸೇರಿ ಕಾಲುಭಾಗದಷ್ಟು ದೃಶ್ಯ ಕತ್ತರಿಸಿಹೋಗಿ, ಅಂಚಿನಲ್ಲಿ ನಿಂತು ಮಾತಾಡುವ ಪಾತ್ರವೇ ಕಾಣದಂತಾಗಬಹುದು. ಹಳೆಯ 4:3 ಟಿವಿಗಳಿಗೆಂದು ಸಿದ್ಧಪಡಿಸಿದ ಫುಲ್‌ಸ್ಕ್ರೀನ್ ಡಿವಿಡಿಗಳಲ್ಲಿ ಈ ನಷ್ಟ ಇನ್ನೂ ಹೆಚ್ಚು.

ಕಲಬುರಗಿಯ ನಮ್ಮ ಮನೆಯಲ್ಲಿಯೂ ಹಿರಿಯರು 'ರೊಕ್ಕ ಕೊಟ್ಟು ತಂದ ಟಿವಿ ಖಾಲಿ ಯಾಕ ಬಿಟ್ಟಿ?' ಎಂದು ಗೊಣಗುತ್ತಿದ್ದರು. ರಾತ್ರಿ ದೀಪ ಆರಿಸಿ ನೋಡಿದ ಮೇಲೆ ಪಟ್ಟಿಯ ಮಾತನ್ನೇ ಎತ್ತಲಿಲ್ಲ. ಬಹಳ ಹಳೆಯ ಚಿತ್ರಗಳ ಅಗಲ ಟಿವಿ ಪರದೆಗಿಂತ ಕಡಿಮೆ ಇರುವುದರಿಂದ ಪಟ್ಟಿ ಎಡಬಲಗಳಲ್ಲಿ ಬರುತ್ತದೆ. ಅವನ್ನು ಹಿಗ್ಗಿಸಿದರೆ ಮುಖಗಳು ಜೋಳದ ರೊಟ್ಟಿಯಂತೆ ಅಗಲವಾಗುತ್ತವೆ.