ಕಣ್ಣಿಗೆ ಮಂಕು, ಹವಳಕ್ಕೆ ಉರಿಬಿಸಿಲು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮನೆಯಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇಟ್ಟು ಏಳು ತಿಂಗಳಾಯಿತು. ಎರಡು ಕ್ಲೌನ್ ಮೀನು, ಮೆತ್ತನೆಯ ಹವಳಗಳಲ್ಲಿ ಒಂದಷ್ಟು ಮಶ್ರೂಮ್, ಝೋವಾ, ಒಂದು ಲೆದರ್ ಇವೆ. ಎಲ್‌ಇಡಿ ಲೈಟನ್ನು ನೀರಿನಿಂದ ಎಂಟು ಇಂಚು ಮೇಲೆ ತೂಗುಹಾಕಿದ್ದೇನೆ. ಬಿಳಿ ಬೆಳಕು ನೂರಕ್ಕೆ 30ರಲ್ಲಿದೆ. ನೀಲಿ 60ರಲ್ಲಿತ್ತು, ಮನೆಯವರೆಲ್ಲ ಟ್ಯಾಂಕ್ ಮಂಕಾಗಿದೆ ಅಂದರು, ಲೆಕ್ಕ ಹಾಕಿದರೆ ನನಗೂ ಕಡಿಮೆ ಅನ್ನಿಸಿತು. ಹದಿನೈದು ದಿನದ ಹಿಂದೆ 100ಕ್ಕೆ ಏರಿಸಿದೆ. ಈಗ ನೀರಿನ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದರೆ 4200 ತೋರಿಸುತ್ತದೆ. ಒಂದೊಂದೇ ಬಣ್ಣ ಉರಿಸಿ ನೋಡಿದೆ: ಬಿಳಿಗೆ 2100, ನೀಲಿಗೆ 2100. ಲಕ್ಸನ್ನು 54ರಿಂದ ಭಾಗಿಸಿದರೆ ಪಾರ್, ಅಂದರೆ ಹವಳಕ್ಕೆ ಸಿಗುವ ಬೆಳಕಿನ ಅಳತೆ, ಬರುತ್ತದೆಂದು ಓದಿದ್ದೆ, 78 ಬಂತು. ಆದರೆ ಮೇಲಿನ ಕಲ್ಲಿನ ಮೇಲಿರುವ, ನೀರಿನಿಂದ ನಾಲ್ಕೇ ಇಂಚು ಕೆಳಗಿರುವ ಮಶ್ರೂಮ್‌ಗಳು ಮುದುಡಿ ಬಿಳಿಚಿಕೊಂಡಿವೆ. ಝೋವಾಗಳು ಅರ್ಧ ದಿನ ಮುಚ್ಚಿಕೊಂಡೇ ಇರುತ್ತವೆ. ಮೂಲೆಯಲ್ಲಿರುವ ಲೆದರ್ ಮಾತ್ರ ಚೆನ್ನಾಗಿದೆ. ಬೆಳಕು ಇನ್ನೂ ಏರಿಸಬೇಕೆ? ಪಾರ್ ಮೀಟರ್ ಕೊಳ್ಳಲೇಬೇಕೆ?

ಉತ್ತರ: ಏರಿಸಬೇಡಿ. ಈ ಪುಟವನ್ನು ಮಡಚಿಟ್ಟು ಹೋಗಿ ನೀಲಿಯನ್ನು 40ಕ್ಕೆ ಇಳಿಸಿ, ಮಶ್ರೂಮ್ ಇರುವ ಕಲ್ಲನ್ನು ಕೆಳಗೆ ಮರಳಿನ ಹತ್ತಿರ, ನೆರಳಿರುವ ಕಡೆ ಇಟ್ಟು ಬನ್ನಿ. ಮಿಕ್ಕಿದ್ದನ್ನು ಆಮೇಲೆ ಓದಿದರಾಯಿತು.

ಬಂದಿರಾ? ಸರಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ನೀವು ಬಿಳಿಯನ್ನೂ ನೀಲಿಯನ್ನೂ ಬೇರೆಬೇರೆಯಾಗಿ ಅಳೆದದ್ದು. ಎಷ್ಟೋ ಜನ ಅದನ್ನು ಮಾಡುವುದಿಲ್ಲ. ಉತ್ತರ ಅದರಲ್ಲೇ ಇದೆ.

ಲಕ್ಸ್ ಎಂಬ ಅಳತೆ ಹುಟ್ಟಿದ್ದು ಮನುಷ್ಯನ ಕಣ್ಣಿಗಾಗಿ. ನಮ್ಮ ಕಣ್ಣು ಹಗಲಿನಲ್ಲಿ ಅತಿ ಚುರುಕಾಗಿರುವುದು 555 ನ್ಯಾನೋಮೀಟರ್ ತರಂಗಾಂತರದ ಹಸಿರಿಗೆ. ಹವಳದ ಟ್ಯಾಂಕಿಗೆ ಹಾಕುವ ರೀಫ್ ಲೈಟಿನ ಕಡುನೀಲಿ 450ರ ಆಸುಪಾಸಿನದು. ಅಲ್ಲಿ ಕಣ್ಣಿನ ಚುರುಕು ಹಸಿರಿನಲ್ಲಿ ಇರುವುದರ ನೂರಕ್ಕೆ ನಾಲ್ಕರಷ್ಟೂ ಇಲ್ಲ. ಲಕ್ಸ್ ಮೀಟರಿನ ಸೆನ್ಸರ್ ಮುಂದೆ ಇರುವ ಫಿಲ್ಟರ್ ಇದೇ ಕಣ್ಣನ್ನು ಅನುಕರಿಸುತ್ತದೆ. ಹಾಗಾಗಿ ನೀಲಿ ಬೆಳಕು ಸುರಿಯುತ್ತಿದ್ದರೂ ನಿಮಗೂ ಮೀಟರಿಗೂ ಮನೆಯವರಿಗೂ ಕಾಣುವುದು ಮಂಕೇ. ಸ್ಟುಡಿಯೋದಲ್ಲಿ ಮೀಟರ್ ನಿಮಗೆ ಸರಿಯಾಗಿ ಹೇಳುತ್ತದೆ, ಯಾಕೆಂದರೆ ಅಲ್ಲಿ ಫೋಟೋ ನೋಡುವುದು ಮನುಷ್ಯರೇ.

ಹವಳ ನೋಡುವುದಿಲ್ಲ, ಅದು ಬೆಳಕನ್ನು ಉಣ್ಣುತ್ತದೆ. ಅದರ ಮೈಯೊಳಗೆ ಝೂಕ್ಸಾಂತೆಲ್ಲೆ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಅವು ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತವೆ. ಸಮುದ್ರದಲ್ಲಿ ಕೆಂಪು ಬೆಳಕು ಮೇಲಿನ ಕೆಲವೇ ಮೀಟರುಗಳಲ್ಲಿ ಕರಗಿಹೋಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆ ನೀರಿಗಿಳಿದವಳು ನಾನು. ದೋಣಿಯಲ್ಲಿ ಕೆಂಪಗಿದ್ದ ಪಟ್ಟಿ ಕೆಳಗೆ ಕಂದು ಬೂದಿಯಾಗಿ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ನೀಲಿಯಲ್ಲಿ ಬಾಳಿ ಬಂದ ಪಾಚಿಗೆ ನೀಲಿಯೇ ಮೃಷ್ಟಾನ್ನ. ಪಾರ್ ಎಂದರೆ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳನ್ನು ಬಣ್ಣದ ಭೇದವಿಲ್ಲದೆ ಎಣಿಸುವುದು: ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ (ಕಣಗಳನ್ನು ಎಣಿಸುವ ಮಾನ) ಬಿತ್ತು ಎಂಬ ಲೆಕ್ಕ.

ಈಗ ನಿಮ್ಮ 54. ಅದು ಬಿಸಿಲಿನ ಲೆಕ್ಕ, ಬಿಸಿಲಿಗೆ ಸರಿಯೇ. ಬಿಳಿ ಎಲ್‌ಇಡಿಗೆ ಸುಮಾರು 70ರಿಂದ ಭಾಗಿಸಬೇಕು. 450ರ ಕಡುನೀಲಿಗೆ ಬರೀ 7ರಿಂದ! ಹಾಗೆ ಮಾಡಿದರೆ ನಿಮ್ಮ ಬಿಳಿ 30 ಪಾರ್, ನೀಲಿ 300 ಪಾರ್. ಎರಡೂ ಸೇರಿ 330. ನೀವು ಅಂದುಕೊಂಡಿದ್ದು 78.

ಆದರೆ ಈ 330ನ್ನೂ ವೇದವಾಕ್ಯ ಅಂದುಕೊಳ್ಳಬೇಡಿ. ನಿಮ್ಮ ಲೈಟಿನಲ್ಲಿ 470ರ ತಿಳಿನೀಲಿ ಬಲ್ಬುಗಳೂ ಇರಬಹುದು. ಅವುಗಳಿಗೆ 7ರ ಬದಲು ಸುಮಾರು 16ರಿಂದ ಭಾಗಿಸಬೇಕು. ಇಪ್ಪತ್ತು ನ್ಯಾನೋಮೀಟರ್ ಸರಿದರೆ ಲೆಕ್ಕ ಎರಡು ಪಟ್ಟಿಗೂ ಹೆಚ್ಚು ಬದಲಾಗುತ್ತದೆ. ಅದರ ಮೇಲೆ, ಅಗ್ಗದ ಲಕ್ಸ್ ಮೀಟರುಗಳ ಫಿಲ್ಟರ್ ಹೆಚ್ಚು ತಪ್ಪುವುದೂ ಈ ನೀಲಿಯ ಅಂಚಿನಲ್ಲೇ. ನೀಲಿಯೆಲ್ಲ 470ರದ್ದೇ ಎಂದು ಹಿಡಿದರೂ ಒಟ್ಟು 160ಕ್ಕೆ ಇಳಿಯುವುದಿಲ್ಲ. ಮಶ್ರೂಮ್, ಝೋವಾದಂಥ ಮೆತ್ತನೆಯ ಹವಳಗಳಿಗೆ ಸಾಮಾನ್ಯವಾಗಿ 50ರಿಂದ 100 ಸಾಕು. ಮಶ್ರೂಮ್‌ಗೆ ಅದರ ಕೆಳತುದಿಯೇ ಹಿತ. ನೀವು ಯಾವ ಲೆಕ್ಕ ಹಿಡಿದರೂ ಮೇಲಿನ ಕಲ್ಲಿನ ಮೇಲೆ ಬೆಳಕು ಜಾಸ್ತಿಯೇ.

ಹವಳಗಳೂ ಅದನ್ನೇ ಹೇಳುತ್ತಿವೆ. ಬೆಳಕು ಸಾಲದ ಝೋವಾ ಕುತ್ತಿಗೆ ಉದ್ದ ಮಾಡಿ ಮೇಲಕ್ಕೆ ಚಾಚುತ್ತದೆ, ಬಣ್ಣ ಕಂದು ತಿರುಗುತ್ತದೆ. ಬೆಳಕು ಹೆಚ್ಚಾದಾಗ ಮುದುಡುತ್ತದೆ, ಬಿಳಿಚುತ್ತದೆ. ಒಳಗಿನ ಪಾಚಿ ತಾನು ಅರಗಿಸಿಕೊಳ್ಳಲಾರದಷ್ಟು ಬೆಳಕು ಬಿದ್ದಾಗ ಹವಳಕ್ಕೆ ವಿಷವಾಗುವಂಥ ಆಮ್ಲಜನಕದ ರೂಪಗಳನ್ನು ಹೊರಬಿಡುತ್ತದೆ. ಹವಳ ಆ ಪಾಚಿಯನ್ನೇ ಹೊರದೂಡುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿದ್ದು ನೀರು ಬಿಸಿಯಾಗಿ. ನಿಮ್ಮ ಮನೆಯಲ್ಲಿ ಬೆಳಕಿನಿಂದ ನಡೆದದ್ದೂ ಅದೇ ಜಾತಿಯ ಸಂಕಟ. ಬಿಳಿಚಿದ ಮಶ್ರೂಮ್ ಸತ್ತಿಲ್ಲ. ಕರಗದೆ ಕಲ್ಲಿಗೆ ಅಂಟಿಕೊಂಡಿದ್ದರೆ ಪಾಚಿ ಮತ್ತೆ ತುಂಬಿಕೊಳ್ಳುತ್ತದೆ, ವಾರಗಳು ಹಿಡಿಯುತ್ತವೆ. ದಯವಿಟ್ಟು ಕಿತ್ತು ಎಸೆಯಬೇಡಿ.

ಮತ್ತೆ ಏರಿಸುವಾಗ ಹೇಗೆ? ನಮ್ಮ ತೋಟದ ನರ್ಸರಿಯಲ್ಲಿ ಕಾಫಿ ಸಸಿಗೆ ಚಪ್ಪರ ಹಾಕಿರುತ್ತೇವೆ. ನೆಡುವ ಕಾಲ ಹತ್ತಿರ ಬಂದಂತೆ ಚಪ್ಪರದ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತೇವೆ. ಒಂದೇ ದಿನ ಪೂರ್ತಿ ಕಿತ್ತರೆ ಎಲೆ ಸುಟ್ಟು ಕಪ್ಪಾಗುತ್ತದೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡುವಾಗಲೂ ಹಾಗೇ, ಇಡೀ ಮರ ಬೋಳಿಸುವವನನ್ನು ಮಾರನೇ ದಿನ ತೋಟಕ್ಕೆ ಕರೆಯುವುದಿಲ್ಲ. ಹವಳಕ್ಕೂ ವಾರಕ್ಕೆ ನೂರರಲ್ಲಿ ಐದರಷ್ಟು ಏರಿಸಿ, ಅದರ ಮುಖ ನೋಡಿ, ಆಮೇಲೆ ಮುಂದಿನ ಐದು. ನೀವು ಒಂದೇ ದಿನ ನಲವತ್ತು ಏರಿಸಿದ್ದೀರಿ.

ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ, ನಾನೂ ಕಳೆದುಕೊಂಡವಳು. ಚಿಕ್ಕಮಗಳೂರಿನ ಜುಲೈ ಮಳೆ ನಿಮಗೆ ಗೊತ್ತು. ಒಂದು ವರ್ಷ ಎರಡು ದಿನ ಕರೆಂಟ್ ಇರಲಿಲ್ಲ. ಗಾಳಿಯ ಪಂಪನ್ನು ಬ್ಯಾಟರಿಗೆ ಹಾಕಿ, ತೋಟದ ಮನೆಯ ಮೇಲೆ ಮರ ಬಿದ್ದಿತ್ತೆಂದು ಅಲ್ಲಿಗೆ ಹೋಗಿದ್ದೆ. ಕರೆಂಟ್ ಬಂದಾಗ ಲೈಟು ನಾನು ಇಟ್ಟಿದ್ದ ಸೆಟ್ಟಿಂಗ್ ಮರೆತು ಎಲ್ಲ ಬಣ್ಣಗಳನ್ನೂ 100ಕ್ಕೆ ಉರಿಸಿಕೊಂಡು ಕೂತಿತ್ತು. ನಾನು ಮರಳಿದ್ದು ನಾಲ್ಕನೇ ದಿನ. ಆರು ವರ್ಷ ಸಾಕಿದ್ದ, ಊಟದ ತಟ್ಟೆಯಗಲದ ಲೆದರ್ ಕುಗ್ಗಿ ಕಪ್ಪು ಲೋಳೆಯಾಗಿತ್ತು. ಆ ವಾಸನೆ ಮರೆಯಲಾರೆ. ಅದಾದ ಮೇಲೆ ಹೊಸ ಲೈಟ್ ಬಂದ ದಿನವೇ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ಸೆಟ್ಟಿಂಗ್ ನೆನಪಿಟ್ಟುಕೊಂಡಿದೆಯೇ ನೋಡುತ್ತೇನೆ. ನೀವೂ ಇವತ್ತೇ ನೋಡಿ.

ಪಾರ್ ಮೀಟರ್ ವಿಷಯ. ನೀರಿಗಿಳಿಸುವ ಒಳ್ಳೆಯ ಮೀಟರಿಗೆ ಹತ್ತಾರು ಸಾವಿರ ಬೇಕು, ಬಳಸುವುದು ವರ್ಷಕ್ಕೆ ಎರಡು ಸಲ. ಕೊಳ್ಳಬೇಡಿ, ಎರವಲು ತನ್ನಿ. ನನಗೆ ಬೆಂಗಳೂರಿನ ಸ್ನೇಹಿತರೊಬ್ಬರು ಎರಡು ದಿನಕ್ಕೆ ಕೊಟ್ಟಿದ್ದರು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಕೇಳುವಾಗ ನೀಲಿ ಎಲ್‌ಇಡಿಗೂ ಸರಿಯಾಗಿ ಓದುವ ಮಾದರಿಯೇ ಎಂದು ವಿಚಾರಿಸಿ. ಹಳೆಯ ಕೆಲವು ಮಾದರಿಗಳು ನೀಲಿಯನ್ನು ಕಡಿಮೆ ತೋರಿಸುತ್ತವೆ. ನೀರಿನೊಳಗಿನ ಓದಿಗೆ ತಿದ್ದುಪಡಿ ಗುಣಕ ಮೀಟರಿನಲ್ಲೇ ಸೇರಿದೆಯೋ, ನೀವೇ ಗುಣಿಸಬೇಕೋ ಎಂಬುದನ್ನೂ ಕೈಪಿಡಿಯಲ್ಲಿ ನೋಡಿ.

ಅಳೆಯುವುದು ರಾತ್ರಿ, ಕೋಣೆಯ ದೀಪ ಆರಿಸಿ. ಮೊದಲು ಲೈಟಿನ ಕೆಳಗಿನ ಗಾಜು ಒರೆಸಿ, ಒಣಗಿದ ಉಪ್ಪಿನ ಪೊರೆ ನೀವು ಊಹಿಸಿದ್ದಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ. ಸೆನ್ಸರ್ ನೆಟ್ಟಗೆ ಮೇಲಕ್ಕೆ ಮುಖ ಮಾಡಿರಬೇಕು. ಅದನ್ನು ಉದ್ದನೆಯ ಪಿವಿಸಿ ಪೈಪಿನ ತುದಿಗೆ ಕಟ್ಟಿದರೆ ಕೈಯ ನೆರಳು ಬೀಳುವುದಿಲ್ಲ. ಅಲೆ ಎಬ್ಬಿಸುವ ಪಂಪ್ ಓಡುತ್ತಿದ್ದರೆ ಅಂಕಿ ಕುಣಿಯುತ್ತದೆ, ಹಾಗಾಗಿ ಪಂಪ್ ನಿಲ್ಲಿಸಿ ಓದಿ. ಗ್ರಾಫ್ ಹಾಳೆಯಲ್ಲಿ ಟ್ಯಾಂಕನ್ನು ಮೇಲಿನಿಂದ ನೋಡಿದಂತೆ ಬರೆದು, ಉದ್ದಕ್ಕೆ ಐದು, ಅಗಲಕ್ಕೆ ಮೂರು ಜಾಗ ಗುರುತಿಸಿ, ಎರಡು ಆಳದಲ್ಲಿ ಒಟ್ಟು ಮೂವತ್ತು ಅಂಕಿ ಬರೆಯಿರಿ. ಒಂದು ಗಂಟೆಯ ಕೆಲಸ. ನನ್ನ ಹಾಳೆಯಲ್ಲಿ ನಡುಮಧ್ಯದ ಮೇಲಿನ ಕಲ್ಲಿಗೆ 310, ಎಡ ಮೂಲೆಯ ಮರಳಿಗೆ 45 ಬಂದಿತ್ತು. ಒಂದೇ ಟ್ಯಾಂಕಿನಲ್ಲಿ ಏಳು ಪಟ್ಟು ಅಂತರ! ನಿಮ್ಮ ಲೆದರ್ ಮೂಲೆಯಲ್ಲಿ ಸುಖವಾಗಿರುವುದಕ್ಕೆ ಇದೇ ಕಾರಣವಿರಬೇಕು. ಲೈಟನ್ನು ಎಂಟರಿಂದ ಹದಿನಾಲ್ಕು ಇಂಚಿಗೆ ಎತ್ತಿದಾಗ ನಡುವಿನ ಉರಿ ತಗ್ಗಿ ಮೂಲೆಗಳಿಗೂ ಬೆಳಕು ಹರಡಿತು. ನಿಮಗೂ ಹಾಗೆ ಎತ್ತಿ ಎಂದೇ ಹೇಳುತ್ತೇನೆ.

ಅದೇ ರಾತ್ರಿ ನಿಮ್ಮ ಲಕ್ಸ್ ಮೀಟರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನೀರಿನ ಮೇಲೆ ಒಂದು ಜಾಗ ಗುರುತು ಮಾಡಿ, ನೀವು ದಿನವೂ ಉರಿಸುವ ಸೆಟ್ಟಿಂಗಿನಲ್ಲಿ ಎರಡೂ ಮೀಟರಿನಲ್ಲಿ ಓದಿ, ಲಕ್ಸನ್ನು ಪಾರಿನಿಂದ ಭಾಗಿಸಿ. ಅದು ನಿಮ್ಮ ಲೈಟಿಗೆ, ನಿಮ್ಮ ಮೀಟರಿಗೆ ಸೇರಿದ ಸ್ವಂತ ಗುಣಕ. ನೀಲಿ ಬಿಳಿಯ ಪ್ರಮಾಣ ಬದಲಿಸದಿರುವ ತನಕ ಅದು ನಡೆಯುತ್ತದೆ, ಬದಲಿಸಿದ ಕ್ಷಣ ಕೆಟ್ಟಿತು. ಆರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಲಕ್ಸ್ ಓದಿದರೆ ಲೈಟು ಸೊರಗಿದೆಯೇ ಎಂದೂ ತಿಳಿಯುತ್ತದೆ. ಗುಂಡಿಯಲ್ಲಿ 50 ಎಂದಿದ್ದರೆ ಬೆಳಕು ಅರ್ಧವೇ ಆಗಿದೆಯೇ ಎಂಬುದನ್ನೂ ಲಕ್ಸ್ ಮೀಟರಿನಲ್ಲೇ ನೋಡಬಹುದು. ಎಷ್ಟೋ ಲೈಟುಗಳಲ್ಲಿ ಅರ್ಧ ಇರುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಎರಡು ಅಡಿಯ ಟ್ಯಾಂಕಿದೆ. ಮೊಬೈಲ್ ಆ್ಯಪ್‌ನಿಂದ ಅಳೆಯಬಹುದಾ?

ಉತ್ತರ: ಅಂಕಿಯನ್ನು ನಂಬಬೇಡಮ್ಮ. ಒಂದೊಂದು ಫೋನಿನ ಸೆನ್ಸರ್ ಒಂದೊಂದು ಥರ, ನೀಲಿಯ ತೊಂದರೆಯಂತೂ ಮೇಲೆ ಹೇಳಿದ್ದೇ. ಆದರೆ ಹೋಲಿಕೆಗೆ ಬರುತ್ತದೆ: ಅದೇ ಫೋನ್, ಅದೇ ಬಣ್ಣದ ಸೆಟ್ಟಿಂಗ್, ಟ್ಯಾಂಕಿನ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡು. ಕವರಿನಲ್ಲಿ ಹಾಕಿ ನೀರಿಗಿಳಿಸುವ ಸಾಹಸ ಬೇಡ, ಉಪ್ಪುನೀರು ಒಂದು ಹನಿ ಒಳಗೆ ಹೋದರೂ ಫೋನ್ ಉಳಿಯುವುದು ಕಷ್ಟ. ದಿನಕ್ಕೆ ಎಂಟು ಗಂಟೆ ಉರಿಸಿದರೆ ಸಾಕು. ರಾತ್ರಿ ಓದಲು ಕೂತಾಗ ಚೆಂದಕ್ಕೆಂದು ನೀಲಿ ಹಚ್ಚಿಕೊಂಡರೆ ಅದೂ ಹವಳದ ಲೆಕ್ಕಕ್ಕೆ ಸೇರುತ್ತದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಎಸ್ಟೇಟ್. ಟ್ಯಾಂಕಿನ ಮೇಲ್ಭಾಗದಲ್ಲಿ ಪಾರ್ 250 ಬರುತ್ತಿದೆ. ಕೊಂಬೆ ಕೊಂಬೆಯ ಗಟ್ಟಿ ಹವಳ ತರಬಹುದೇ? ಒಬ್ಬರು ಕೊಡುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಬೆಳಕು ಸಾಕು. ಆದರೆ ತರಬೇಡಿ. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಗಿದೆ. ಹುಲಿ ಇರುವ ಅನುಸೂಚಿ ಅದು. ಬೀಸಣಿಗೆಯಂಥ ಸೀ ಫ್ಯಾನ್, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳವೂ ಅದರಲ್ಲೇ ಇವೆ. ಕೊಡುತ್ತೇನೆ ಎನ್ನುವವರು ಎಲ್ಲಿಂದ ತಂದರು ಎಂದು ಕೇಳಿ ನೋಡಿ, ಮಾತು ತೇಲಿಸುತ್ತಾರೆ. ಲೈಟನ್ನು 100 ಪಾರ್‌ಗೆ ಇಳಿಸಿ. ಕರೆಂಟ್ ಬಿಲ್ಲೂ ಇಳಿಯುತ್ತದೆ. ನಡುವಿನ ಕಲ್ಲಿನ ಮೇಲೆ ಒಂದು ಲೆದರ್ ಇಡಿ, ನನ್ನಲ್ಲಿ ಕತ್ತರಿಸಿ ಬೆಳೆಸಿದ ಮರಿಗಳಿವೆ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಚಿಕ್ಕಮಗಳೂರಿಗೆ ಬರುವ ದಿನ ಮುಚ್ಚಳ ಬಿಗಿಯಾದ ಡಬ್ಬಿ ತನ್ನಿ.